ಮುನ್ನೂರ ಹನ್ನೆರಡರ ಅತಿಥಿ

ಮಾರ್ಚ್ 4, ಮಂಗಳವಾರ

ಇವತ್ತೂ ಹದಿನಾಲ್ಕು ಕೋಣೆ. ಒಂಬತ್ತನೆಯದರಲ್ಲಿ ಯಾರೋ ಹಾಸಿಗೆ ಮೇಲೆ ಕೂತು ಕಲ್ಲಂಗಡಿ ತಿಂದಿದ್ದಾರೆ. ಬೀಜ ದಿಂಬಿನ ಕವರಿನೊಳಗೆ. ಹೇಗೆ ಹೋಯಿತೋ ದೇವರೇ ಬಲ್ಲ.

ಸೂಪರ್‌ವೈಸರ್ ಕರೆದ. ಬೈಗುಳ ಅಂದುಕೊಂಡೆ. ಅಲ್ಲ. ವರ್ಷದ ಅತ್ಯುತ್ತಮ ರೂಮ್ ಅಟೆಂಡೆಂಟ್ ನಾನಂತೆ. ಬಹುಮಾನ — ನಮ್ಮ ಕಂಪನಿಯದೇ ಸಮುದ್ರದ ಬದಿಯ ಹೋಟೆಲಿನಲ್ಲಿ ಮೂರು ದಿನ. ಅತಿಥಿಯಾಗಿ. ಇಬ್ಬರಿಗೆ. ಹತ್ತೊಂಬತ್ತು ವರ್ಷ ಕಂಡವರು ಮಲಗೆದ್ದ ಹಾಸಿಗೆ ಕೊಡವಿದ್ದಕ್ಕೆ ಮೂರು ದಿನ ಒಂದು ಹಾಸಿಗೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಪೆದ್ದಿ, ನಾನೂ ತಟ್ಟಿದೆ.

ಗಂಡ ಬರುವುದಿಲ್ಲ ಅಂದ. ಅವನ ಫ್ಯಾಕ್ಟರಿ ಮುಚ್ಚಿದ ಮೇಲೆ ನಾಲ್ಕು ಜನರ ಎದುರು ನಿಲ್ಲಲು ಅವನಿಗೆ ಆಗದು. ಈಗ ಮನೆ ನಿಂತಿರುವುದು ನನ್ನೊಬ್ಬಳ ರಟ್ಟೆಯ ಮೇಲೆ. ಅಕ್ಕನನ್ನು ಕರೆದೆ. ಬಟ್ಟೆ ಕಾರ್ಖಾನೆಯಲ್ಲಿ ಕಾಜಾ ಹೊಲಿಯುವವಳು. "ಬರ್ತೀನಿ ಕಣೆ. ಸಾಯೋ ಮುಂಚೆ ನನ್ನ ಹಾಸಿಗೆನ ಇನ್ನೊಬ್ರು ಹಾಸೋದು ನೋಡ್ಬೇಕು" ಅಂದಳು.

ಮಾರ್ಚ್ 14, ಶುಕ್ರವಾರ. ಸಂಜೆ 5

ಬಂದೆವು. ರೈಲಿನಲ್ಲಿ ಆರು ಗಂಟೆ. ರಿಸೆಪ್ಷನ್ ಹುಡುಗಿ "ಮೇಡಮ್" ಅಂದಳು, ಅಕ್ಕ ಯಾರಿಗೆ ಅಂತ ಹಿಂದೆ ತಿರುಗಿ ನೋಡಿದಳು. ಮುನ್ನೂರ ಹನ್ನೆರಡು. ಕಿಟಕಿ ತುಂಬ ಸಮುದ್ರ. ಅಕ್ಕ ಬಾತ್‌ಟಬ್ಬಿಗೆ ಇಳಿದವಳು ಒಂದು ಗಂಟೆ ಆದರೂ ಎದ್ದಿಲ್ಲ. "ಬೆರಳೆಲ್ಲ ಸುಕ್ಕಾಯ್ತು. ಆದ್ರೂ ಏಳಲ್ಲ, ಏನ್ ಮಾಡ್ತೀಯ?"

ನಾನು? ಬೆಡ್‌ಶೀಟಿನ ಮೂಲೆ ಎತ್ತಿ ನೋಡಿದೆ. ಮಡಿಕೆ ಅಚ್ಚುಕಟ್ಟು. ಪಳಗಿದ ಕೈ. ಮಂಚದಡಿಯೂ ಒರೆಸಿದ್ದಾರೆ. ಯಾರದೋ ಸೊಂಟ ಬಗ್ಗಿದೆ ಅಲ್ಲಿ.

ಮಾರ್ಚ್ 15, ಶನಿವಾರ

ಐದಕ್ಕೇ ಎಚ್ಚರ. ದೇಹಕ್ಕೆ ಬಹುಮಾನ ಗೊತ್ತಿಲ್ಲ. ಹಾಸಿಗೆ ಹಾಸಲು ಹೊರಟೆ. ಅಕ್ಕ ಇನ್ನೂ ಅದರ ಮೇಲೇ. "ನಾನಿನ್ನೂ ಬದುಕಿದ್ದೀನಿ ಕಣೆ, ಮುಖದ ಮೇಲೆ ಯಾಕೆ ಹೊದಿಸ್ತೀಯ?" ಬಚ್ಚಲು ತೊಳೆದೆ. ಕನ್ನಡಿ ಒರೆಸಿದೆ.

ಹತ್ತಕ್ಕೆ ಬಾಗಿಲು ತಟ್ಟಿದ ಸದ್ದು. ಈ ಮಹಡಿಯ ಕೆಲಸದವಳು. ಐವತ್ತೈದು ದಾಟಿದ್ದಾಳೆ. ಒಂದು ಕೈ ಟ್ರಾಲಿ ಮೇಲೆ, ಒಂದು ಸೊಂಟದ ಮೇಲೆ. ಇಲ್ಲಿ ದಿನಕ್ಕೆ ಹದಿನಾರು ಕೋಣೆಯಂತೆ. ನಾನು ಯಾರೆಂದು ಹೇಳಿದೆ. ನಕ್ಕಳು.

"ಆಗ್ಲೇ ಗೊತ್ತಾಯ್ತಮ್ಮ. ಅತಿಥಿಗಳು ಒದ್ದೆ ಟವೆಲ್ ಮಡಚಿ ಇಡಲ್ಲ."

"ಬನ್ನಿ, ಕೂತ್ಕೊಳ್ಳಿ ಸ್ವಲ್ಪ. ಇರೋವರೆಗೂ ಈ ಕೋಣೆ ಕೆಲಸ ನಂದು."

"ಹಾಗಾದ್ರೆ... ನಾನೇ ಮಾಡಿದ ಹಾಗೆ ಕೆಲಸದ ಪಟ್ಟೀಲಿ ಟಿಕ್ ಹಾಕ್ಕೊಳ್ಲಾ?"

"ಹಾಕ್ಕೊಳ್ಳಿ ಅಮ್ಮ. ನಾವೂ ಹಾಗೇ ಮಾಡೋದು."

ಹೌದು, ನಾವೂ ಹಾಗೇ. ಅತಿಥಿ ಬೇಡ ಅಂದರೆ ಟಿಕ್ ಹಾಕಿ ಆ ಅರ್ಧ ಗಂಟೆ ಬೆಡ್‌ಶೀಟು-ಟವೆಲ್ ಇಡುವ ಲಿನನ್ ರೂಮಿನಲ್ಲಿ ಬೆನ್ನು ನೆಟ್ಟಗೆ ಮಾಡುತ್ತೇವೆ. ಯಾರೂ ಯಾರಿಗೂ ಹೇಳುವುದಿಲ್ಲ. ಕಂಪನಿ ಕೊಡದ ವಿಶ್ರಾಂತಿಯನ್ನು ನಾವೇ ಕಿತ್ತುಕೊಂಡದ್ದು.

ಕಿಟಕಿ ಬಳಿಯ ಕುರ್ಚಿಯಲ್ಲಿ ಕೂತಳು. ಶೂ ಬಿಚ್ಚಿದಳು. "ಹನ್ನೊಂದು ವರ್ಷದಿಂದ ಈ ಕುರ್ಚಿ ಒರೆಸ್ತಿದ್ದೀನಿ. ಕೂತ್ರೆ ಇಷ್ಟು ಮೆತ್ತಗಿರುತ್ತೆ ಅಂತ ಗೊತ್ತೇ ಇರ್ಲಿಲ್ಲ."

ಮಾರ್ಚ್ 17, ಸೋಮವಾರ. ರೈಲಿನಲ್ಲಿ

ನಿನ್ನೆಯೂ ಇವತ್ತೂ ಅವಳು ಬಂದು ಕೂತಳು, ಟಿಕ್ ಹಾಕಿಕೊಂಡಳು.

ಹೊರಡುವಾಗ ಮ್ಯಾನೇಜರ್ ತಾನೇ ಬಂದ. ಕೈಯಲ್ಲಿ ಅಭಿಪ್ರಾಯದ ಕಾರ್ಡು. "ನೀವು ನಮ್ಮವರೇ. ಮನಸ್ಸು ಬಿಚ್ಚಿ ಬರೀರಿ. ನೇರ ಹೆಡ್ ಆಫೀಸಿಗೇ ಹೋಗುತ್ತೆ."

ಅಕ್ಕ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಬೇಡ ಕಣೆ. ದೊಡ್ಡೋರು ಮನಸ್ಸು ಬಿಚ್ಚು ಅಂದಾಗ ಇನ್ನೊಂದು ಗುಂಡಿ ಹಾಕ್ಕೋಬೇಕು."

ಬರೆದೆ. ಎರಡೂ ಬದಿ ತುಂಬ. ಹದಿನಾರು ಕೋಣೆ ಮನುಷ್ಯರ ಕೆಲಸವಲ್ಲ. ನಿಮ್ಮ ಮೂರನೇ ಮಹಡಿಯ ಹೆಂಗಸಿನ ಸೊಂಟ ನೋಡಿ. ನೋಡಲಾರದೆ ಮೂರು ದಿನ ನನ್ನ ಕೋಣೆ ನಾನೇ ಗುಡಿಸಿದೆ, ಅವಳಿಗೆ ಮುಟ್ಟಲು ಬಿಡಲಿಲ್ಲ. ಹನ್ನೆರಡಕ್ಕೆ ಇಳಿಸಿ.

ಹತ್ತೊಂಬತ್ತು ವರ್ಷದ ಸಿಟ್ಟು. ಒಬ್ಬಳಾದರೂ ಹೇಳಬೇಕಿತ್ತು, ಹೇಳಿದೆ. ಬೆನ್ನು ನೆಟ್ಟಗಾಗಿದೆ.

ಏಪ್ರಿಲ್ 2, ಬುಧವಾರ

ಬೆಳಗಿನ ಮೀಟಿಂಗಿನಲ್ಲಿ ಸೂಪರ್‌ವೈಸರ್ ಹೆಡ್ ಆಫೀಸಿನ ನೋಟಿಸ್ ಓದಿದ. ಅತಿಥಿಯೊಬ್ಬರ ಲಿಖಿತ ಅಭಿಪ್ರಾಯದಿಂದ ತಿಳಿದದ್ದು: ಸಮುದ್ರದ ಬದಿಯ ಹೋಟೆಲು, ಕೋಣೆ 312, ಮೂರು ದಿನ ಸುಳ್ಳು ಟಿಕ್. ಅಟೆಂಡೆಂಟನ್ನು ಕೆಲಸದಿಂದ ತೆಗೆಯಲಾಗಿದೆ. ಇನ್ನು ಎಲ್ಲ ಹೋಟೆಲುಗಳಲ್ಲೂ ಪ್ರತಿ ಕೋಣೆಯ ಫೋಟೊ ಕಳಿಸಿದ ಮೇಲೆಯೇ ಟಿಕ್.

ಹನ್ನೆರಡು ಕೋಣೆಗೆ ಇಳಿಸುವ ಬಗ್ಗೆ ಒಂದಕ್ಷರ ಇಲ್ಲ.

ಎಲ್ಲರೂ ನನ್ನನ್ನೇ ನೋಡಿದರು. ಲಾಂಡ್ರಿಯವಳು ಅಂದಳು, "ಒಬ್ಳೇ ಬಹುಮಾನ ತಗೊಂಡ್ಲು ಅಂದ್ಕೊಂಡಿದ್ವಿ. ಪಾಪ, ನಮಗೂ ತಂದಿದ್ದಾಳೆ."

ನನ್ನ ಕೈಯಾರೆ. ಕಾರ್ಡಿನ ಕೆಳಗೆ ಸಾಕ್ಷಿಗೆ ನನ್ನ ಸಹಿ ಬೇರೆ.

ಏಪ್ರಿಲ್ 5, ಶನಿವಾರ

ಆ ಮೂರನೇ ಮಹಡಿಯವಳು ಮೇಲ್ಮನವಿ ಹಾಕಿದ್ದಾಳೆ. ಅತಿಥಿಯೇ ಟಿಕ್ ಹಾಕಲು ಹೇಳಿದರು ಅಂತ. ಬುಧವಾರ ಫೋನಿನಲ್ಲಿ ವಿಚಾರಣೆ. ನಾನು ಹೌದು ಅಂದರೆ ಅವಳ ಕೆಲಸ ಉಳಿಯಬಹುದು.

ಸೂಪರ್‌ವೈಸರ್ ಬಾಗಿಲು ಹಾಕಿ ಮೆಲ್ಲಗೆ ಅಂದ, "ಹೌದು ಅಂದ್ರೆ ಸುಳ್ಳು ಟಿಕ್‌ಗೆ ನೀನೂ ಪಾಲುದಾರಳು. 'ನಾವೂ ಹಾಗೇ ಮಾಡೋದು' ಅಂದ್ಯಂತೆ. ಅದೂ ಮನವೀಲಿದೆ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ."

ಅವಳ ಪರವಾಗಿ ಒಂದು ಪತ್ರ ಬರೆದು ಸಹಿ ಸಂಗ್ರಹಿಸಲು ಹೋದೆ. ಹದಿನೇಳು ಜನರಲ್ಲಿ ಒಬ್ಬಳೂ ಪೆನ್ನು ಮುಟ್ಟಲಿಲ್ಲ. ತಪ್ಪೇನು? ನನ್ನ ಬರವಣಿಗೆಯ ರುಚಿ ಕಂಡವರು.

ಗಂಡನಿಗೆ ಹೇಳಿದೆ. ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದ. ಅಕ್ಕನಿಗೆ ಫೋನ್ ಮಾಡಿದೆ. "ಅವತ್ತು ಬರೀಬೇಡ ಅಂದೆ, ಬರೆದೆ. ಇವತ್ತು ಹೇಳು ಅಂತೀನಿ. ಹೇಳ್ತೀಯಾ?"

ಏಪ್ರಿಲ್ 8

ಕನ್ನಡಿ ಒರೆಸುತ್ತ ಅಭ್ಯಾಸ ಮಾಡಿದೆ. ನಾನೇ ಹೇಳಿದ್ದು ಸಾರ್. ಇಷ್ಟೇ. ಮೂರೇ ಮಾತು. ಹದಿನಾಲ್ಕು ಕನ್ನಡಿಯಲ್ಲೂ ಸರಿಯಾಗೇ ಬಂತು.

ಏಪ್ರಿಲ್ 9, ಬುಧವಾರ. ಮನೆಗೆ ಬಂದು

ಕೆಲಸದ ಮಧ್ಯೆ ಕರೆದರು. ಮೇಜಿನ ಮೇಲೆ ಫೋನು, ಸ್ಪೀಕರ್ ಹಾಕಿ. ಆ ಕಡೆ ಅವಳೂ ಕೂತಿದ್ದಾಳೆ, ಕೇಳಿಸಿಕೊಳ್ಳುತ್ತಿದ್ದಾಳೆ ಅಂದರು ಹೆಡ್ ಆಫೀಸಿನವರು.

"ಟಿಕ್ ಹಾಕಿ ಅಂತ ನೀವು ಹೇಳಿದ್ರಾ?"

"ನೆನಪಿಲ್ಲ ಸಾರ್."

ಅದು ನನ್ನ ಬಾಯಿಂದಲೇ ಬಂತು. ಸುಳ್ಳಿಗೂ ಧೈರ್ಯ ಸಾಲದವರ ಮಾತು. ಹೌದೋ ಅಲ್ಲವೋ ಹೇಳಿ ಅಂದರು.

"ಇಲ್ಲ. ಹೇಳಿಲ್ಲ."

ಖಚಿತವೇ ಅಂತ ಮೂರನೇ ಸಲ ಕೇಳಲು ಹೊರಟರು. ಆಗ ಅವಳ ದನಿ.

"ಸಾಕು ಬಿಡಿ ಸಾರ್. ಅವರನ್ನ ಹೋಗೋಕೆ ಬಿಡಿ. ಅವರಿಗಿನ್ನೂ ಕೋಣೆ ಬಾಕಿ ಇರುತ್ತೆ."

ಬಾಕಿ ಇತ್ತು. ಆರು. ಹೋದೆ. ಮೊದಲನೆಯದು ಮಾಡಿದೆ, ಫೋಟೊ ಕಳಿಸಿದೆ. ಎರಡನೆಯದರಲ್ಲಿ ದಿಂಬು ಎತ್ತಿಕೊಂಡು ನಿಂತವಳು ಕಿಟಕಿ ಬಳಿಯ ಕುರ್ಚಿ ನೋಡಿದೆ. ಕೂರಲಿಲ್ಲ, ಒರೆಸಿದೆ.