ಇವರ ಫೋನಿನಲ್ಲಿದ್ದ ನನ್ನ ಕೂಗು

ಜೂನ್ ೧೯, ಗುರುವಾರ, ರಾತ್ರಿ

ಹೇಸಿಗೆ. ಬೇರೆ ಪದ ಹೊಳೆಯುತ್ತಿಲ್ಲ.

ನನ್ನ ಚೊಚ್ಚಲ ಹೆರಿಗೆಯ ದಿನ ಇವರು ಹೆರಿಗೆ ಕೋಣೆಯ ಬಾಗಿಲಾಚೆ ನಿಂತು ನನ್ನ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರಂತೆ. ಇವತ್ತು ಮಗು ನೋಡಲು ಬಂದವರ ಮುಂದೆ, "ಇವಳ ಸಂಗೀತ ಕೇಳ್ತೀರಾ?" ಅಂತ ಅದನ್ನು ಹಾಕಿಬಿಟ್ಟರು. ಮೈದುನ ನನ್ನ ಹಾಗೇ ಅರಚಿ ತೋರಿಸಿದ. ಅತ್ತೆಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಅದೂ ಹೋಗಲಿ, ನನ್ನನ್ನು ಹೆತ್ತ ಅಮ್ಮ! ಅವಳೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ನಗುವವರ ಬಾಯಿಂದ ಬಿಸ್ಕತ್ತಿನ ಪುಡಿ ಮಗುವಿನ ಬಟ್ಟೆಯ ಮೇಲೆ ಉದುರುತ್ತಿತ್ತು. ನಾನು ಅದನ್ನು ಕೊಡವುತ್ತಾ ಕೂತೆ.

"ತಮಾಷೆಗೆ ಕಣೇ, ಮುಖ ಯಾಕೆ ಊದಿಸ್ಕೊಂಡೆ?" ಅಂದರು ಇವರು.

ಇವರು ಮಲಗಿದ ಮೇಲೆ ಅದನ್ನು ಅಳಿಸಿ ಹಾಕೋಣ ಅಂತ ಫೋನ್ ತೆಗೆದುಕೊಂಡೆ. ಯಾಕೋ ಒಂದು ಸಲ ಕಿವಿಗೆ ಒತ್ತಿ ಹಿಡಿದು ಕೇಳಿದೆ. ನನ್ನ ಕೂಗಿನ ಹಿಂದೆ, ಅವತ್ತು ನನ್ನ ಪಕ್ಕದಲ್ಲಿದ್ದ ದಪ್ಪ ಕನ್ನಡಕದ ನರ್ಸ್ ದನಿ ಇದೆ. "ಕೂಗಮ್ಮಾ, ಜೋರಾಗಿ ಕೂಗು. ಏನೂ ನಾಚ್ಕೋಬೇಡ, ನಾನಿಲ್ಲೇ ಇದ್ದೀನಿ." ಅವರ ಮೈಮೇಲೆಯೇ ವಾಂತಿ ಮಾಡಿದ್ದೆ. ಮುಖ ಸಿಂಡರಿಸದೆ ಮೊದಲು ನನ್ನ ಬಾಯಿ ಒರೆಸಿದ್ದರು. ಅಷ್ಟು ನಗುವಿನಲ್ಲಿ ಆ ದನಿ ಒಬ್ಬರಿಗೂ ಕೇಳಿಸಿರಲಿಲ್ಲ.

ಅದನ್ನು ನನ್ನ ಫೋನಿಗೆ ಕಳಿಸಿಕೊಂಡು ಇವರದರಲ್ಲಿ ಅಳಿಸಿದೆ.

ಅಷ್ಟರಲ್ಲಿ ಮಗಳು ಎದ್ದು ಕಿರುಚಿದಳು. "ಏಯ್, ಅದರ ಬಾಯಿ ಮುಚ್ಚಿಸೇ," ಅಂತ ಇವರು ಮಗ್ಗುಲು ಬದಲಿಸಿದರು.

ಅವಳನ್ನು ಎತ್ತಿಕೊಂಡು ಇವರ ಕಿವಿಯ ಪಕ್ಕದಲ್ಲೇ ಕೂತೆ. "ಕೂಗಮ್ಮಾ," ಅಂದೆ. "ಜೋರಾಗಿ ಕೂಗು."