ಸ್ನಾನದ ಹೊತ್ತಿಗೆ ಹೋದವರು

ಬನಿಯಾಸ್, ಅಬುಧಾಬಿ
೧೨ ಜೂನ್ ೨೦೧೫, ಶುಕ್ರವಾರ

ಪ್ರೀತಿಯ ಅತ್ತೆಯವರಿಗೆ ನಿಮ್ಮ ದಾಕ್ಷಾಯಣಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿ ಶಾಖ ಕೊಡುತ್ತಿದ್ದೀರೋ, ಇಲ್ಲಾ ಬಾಗಲಕೋಟೆಯಲ್ಲಿ ಹೇಳುವವರಿಲ್ಲವೆಂದು ಬಿಟ್ಟಿದ್ದೀರೋ? ಮಾವನವರ ಬಿ.ಪಿ. ಹತೋಟಿಯಲ್ಲಿದೆ ತಾನೆ? ಇಲ್ಲಿ ಬಿಸಿಲು ಜೋರಾಗಿದೆ, ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಸುಡುವ ನೀರೇ ಬರುತ್ತದೆ. ಸೃಷ್ಟಿಯ ವಿಷಯ ಫೋನಿನಲ್ಲಿ ತೆಗೆದರೆ ನೀವು ಅಳುತ್ತೀರಿ, ನಿಮ್ಮ ದನಿ ಕೇಳಿ ನಾನೂ ಅಳುತ್ತೇನೆ, ಮಾತು ಅಲ್ಲಿಗೇ ಖಲಾಸ್. ಅದಕ್ಕೇ ಊರಿಗೆ ಹೊರಟವರ ಕೈಯಲ್ಲಿ ಈ ಪತ್ರ.

ಏಳು ವರ್ಷದ ಹುಡುಗಿಗೆ ಗೋಡೆಯ ಮೇಲೆ ಚಿತ್ರ ಅಂಟಿಸಿ ದಿನಚರಿ ಕಲಿಸುವುದೇನು ಎಂದು ನೀವು ಬಂದ ಹೊಸತರಲ್ಲಿ ನಕ್ಕಿದ್ದಿರಿ. ಆಟಿಸಂ ಇರುವ ಕೂಸಿಗೆ ಮುಂದೇನು ಎಂಬುದು ಕಣ್ಣಿಗೆ ಕಂಡರೆ ಭಯ ಕಡಿಮೆಯಾಗುತ್ತದೆಂದು ಅವಳ ಸ್ಟೇಸಿ ಟೀಚರ್ ಹೇಳಿದ್ದನ್ನು ನಿಮಗೆ ಒಪ್ಪಿಸಿದ್ದೆ. ಆಮೇಲೆ ನೀವೇ ಫೋಟೋ ಕೊಟ್ಟು ಆ ಚಿತ್ರಗಳ ಸಾಲಿನಲ್ಲಿ ಜಾಗ ಹಿಡಿದಿರಿ. ಹಲ್ಲುಜ್ಜುವುದು, ಸ್ನಾನ, ಅಜ್ಜಿ, ತಿಂಡಿ, ಬಸ್ಸು. ಮುಖ ಮುಟ್ಟಿದರೆ ಕಿರುಚುತ್ತಿದ್ದವಳು ತಾನೇ ಸ್ನಾನ ಮಾಡಿ ಬಂದು, ನಿಮ್ಮ ಮುಂದೆ ಹಣೆಯೊಡ್ಡಿ ವಿಭೂತಿ ಹಚ್ಚಿಸಿಕೊಳ್ಳುತ್ತಿದ್ದಳು. ಹೆತ್ತ ನನಗೂ ಸಿಗದ ಹಣೆ ಅದು. ಹೊಟ್ಟೆಕಿಚ್ಚಾಗುತ್ತಿತ್ತು ಅತ್ತೆ, ಸಂತೋಷವೂ ಆಗುತ್ತಿತ್ತು.

ವೀಸಾ ಮುಗಿದು ನೀವು ಹೊರಟ ದಿನ, "ಕೂಸಿನ ಕಣ್ಣಮುಂದ ಹೋಗಬಾರದವಾ, ಅದು ಅಳೂದು ನೋಡಿದ್ರ ನನ್ನ ಕಾಲು ಏಳೂದಿಲ್ಲ" ಎಂದಿರಿ. ಅವಳು ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ಚಪ್ಪಲಿ ಮೆಟ್ಟಿದಿರಿ. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು, ನಾವ್ಯಾರೂ ಬೇಡವೆನ್ನಲಿಲ್ಲ. ಅವಳು ಬಂದು ನಿಮ್ಮ ಖಾಲಿ ಮಂಚದ ಮುಂದೆ ಹಣೆಯೊಡ್ಡಿ ನಿಂತಳು. ಕೆಳಗೆ ಶಾಲೆಯ ಬಸ್ಸು ಹಾರ್ನ್ ಹೊಡೆದು ಹೊರಟುಹೋಯಿತು. ಅವಳು ಅಲ್ಲೇ ನಿಂತಿದ್ದಳು, ಕೂದಲ ನೀರು ನೆಲಕ್ಕಿಳಿಯುತ್ತಿತ್ತು.

ಆವತ್ತಿನಿಂದ ಅವಳು ಬಚ್ಚಲುಮನೆಯೊಳಗೆ ಕಾಲಿಟ್ಟಿಲ್ಲ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಹೋದರೆ ಕಚ್ಚುತ್ತಾಳೆ. ನಾನು ಸ್ನಾನಕ್ಕೆ ಹೋದರೂ ಹೊರಗೆ ನಿಂತು ಬಾಗಿಲು ಬಡಿಯುತ್ತಾಳೆ. ಗೋಡೆಯಿಂದ ನಿಮ್ಮ ಫೋಟೋದ ಕಾರ್ಡು ತೆಗೆದೆ, ಗೋಡೆಗೆ ತಲೆ ಚಚ್ಚಿಕೊಂಡಳು. ತಿರುಗಿ ಅಂಟಿಸಿದೆ. ಒಂದು ದಿನ ನಿಮ್ಮ ಮಗ, ನೀವು ಬಿಟ್ಟುಹೋದ ಶಾಲು ತಲೆಗೆ ಹೊದ್ದು, ಮಂಚದ ಮೇಲೆ ಕೂತು ವಿಭೂತಿ ಹಚ್ಚಲು ನೋಡಿದರು. ಆ ಅವತಾರ ಕಂಡು ನನಗೆ ನಗು ಬಂತು. ಅವಳು ಅವರ ಕೈ ತಳ್ಳಿ, ಅವರ ಬೆನ್ನ ಹಿಂದೆ ನಿಮ್ಮನ್ನು ಹುಡುಕಿದಳು. ನಿಮ್ಮ ಮಗ ಆ ಶಾಲನ್ನೇ ಮುಖಕ್ಕೊತ್ತಿಕೊಂಡು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಇದು ಹಠವೇ ಎಂದು ಟೀಚರನ್ನು ಕೇಳಿದೆ. ಅವರು ಮಂಗಳೂರಿನವರಲ್ಲವೇ, ಮೆತ್ತಗೆ ಹೇಳಿದರು: "ಅಜ್ಜಿ ಊರಿಗೆ ಹೋದದ್ದು ಅವಳಿಗೆ ಗೊತ್ತೇ ಇಲ್ಲ ಮೇಡಂ. ತಾನು ಸ್ನಾನಕ್ಕೆ ಹೋದರೆ ಮನೆಯವರು ಇಲ್ಲದಾಗ್ತಾರೆ, ಅಷ್ಟೇ ಗೊತ್ತುಂಟು."

ನಿಮ್ಮ ಮೇಲೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಲಿ. ಈಗ ಸಿಟ್ಟಿಲ್ಲ, ಎದೆ ಒಡೆದಿದೆ ಅಷ್ಟೇ. ಮಾವನವರಿಗೆ ನಮಸ್ಕಾರ ತಿಳಿಸಿ. ಮೊಮ್ಮಗಳನ್ನು ಅಲ್ಲಿಂದಲೇ ಹರಸಿ.

ನಿಮ್ಮ ಸೊಸೆ,
ದಾಕ್ಷಾಯಣಿ

ತಾ.ಕ.: ನೀವು, ಆ ಕೂಸನ್ನು ಇನ್ನೊಮ್ಮೆ ಬಿಟ್ಟುಬರುವ ಶಕ್ತಿ ನನಗಿಲ್ಲ, ಇನ್ನು ಅಲ್ಲಿಗೆ ಬರುವುದಿಲ್ಲ ಎಂದು ಮಗನಿಗೆ ಹೇಳಿದಿರಂತೆ. ಬನ್ನಿ ಅತ್ತೆ. ಒಂದು ವಾರ ಸಾಕು. ಸೂಟ್‌ಕೇಸು, ಲಿಫ್ಟು, ವಿಮಾನ, ಎಲ್ಲದರ ಕಾರ್ಡು ಟೀಚರ್ ಮಾಡಿಕೊಡುತ್ತಾರೆ, ನೀವು ಬಂದ ದಿನವೇ ಗೋಡೆಗೆ ಅಂಟಿಸುತ್ತೇವೆ. ಹೊರಡುವಾಗ ಅವಳು ನಿಮ್ಮ ಸೀರೆ ಹಿಡಿದು ಕಿರುಚಬಹುದು. ಕಿರುಚಲಿ, ನಾನು ಹಿಡಿದುಕೊಳ್ಳುತ್ತೇನೆ. ಈ ಸಲ ನಮ್ಮ ಜೊತೆ ಇರಲು ಬರಬೇಡಿ, ಅವಳ ಕಣ್ಣೆದುರಿಗೇ ಹೋಗಲು ಬನ್ನಿ.