ಮಾಲಾಗಕ್ಕೆ ಅಂತ ಹೇಳಿ ಹೋದದ್ದು

ಫೆಬ್ರವರಿ 6, ಮಂಗಳವಾರ. ಬೆಳಗಿನ ಜಾವ 5.10

ದಿಂಬಿನ ಕೆಳಗೆ ಫೋನು ಗುರ್ರೆಂದಿತು. ಅವಳಿಗಳಲ್ಲಿ ಒಬ್ಬರು ಎದ್ದರೇನೋ ಅಂದುಕೊಂಡೆ. ಇಲ್ಲ — ಇಸ್ತಾನ್‌ಬುಲ್ ಕ್ಲಿನಿಕ್ಕಿನ ಎಜ್ಗಿ. ಅವಳಿಗೆ ಅಲ್ಲಿ ಆಗಲೇ ಎಂಟು ದಾಟಿದೆ. "ಗುಡ್ ಮಾರ್ನಿಂಗ್ ಲೊವ್ರಿ ಡಿಯರ್! ಏನು ಯೋಚನೆ ಮಾಡಿದ್ರಿ? ಇಬ್ಬರು ಜೊತೆಗೆ ಬಂದ್ರೆ ವಿಶೇಷ ರೇಟು." ಕೊನೆಗೊಂದು ಟುಲಿಪ್ ಹೂವು.

ಗಂಡ ಅಲೆಡ್ ಗೋದಾಮಿನ ರಾತ್ರಿ ಪಾಳಿ ಮುಗಿಸಿ ಇನ್ನೂ ಬಂದಿಲ್ಲ. ಕತ್ತಲಲ್ಲೇ ಹೊಟ್ಟೆ ಮುಟ್ಟಿಕೊಂಡೆ. ಹೆರಿಗೆಯಾಗಿ ವರ್ಷ ದಾಟಿದೆ. ನಡುವೆ ಸ್ನಾಯು ಬಿಟ್ಟುಕೊಂಡಿದೆ — ಬೆರಳುಗಳು ಸಲೀಸಾಗಿ ಒಳಗಿಳಿಯುತ್ತವೆ. ಬೆಳಿಗ್ಗೆ ಖಾಲಿ ಚೀಲ. ಸಂಜೆ ಉಬ್ಬಿ ಆರು ತಿಂಗಳ ಬಸುರಿ. ಎರಿನ್‌ಳನ್ನು ಎತ್ತಿಕೊಂಡರೆ ಸೊಂಟ ಕಿತ್ತು ಬರುತ್ತದೆ. ಟೊಮೊಸ್‌ನನ್ನು ಎತ್ತಿಕೊಂಡರೆ ಒಳಚಡ್ಡಿ ಒದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದದ್ದೂ ಇದೇ ಮೊದಲು.

ಎಜ್ಗಿಗೆ ಉತ್ತರ ಕೊಡಲಿಲ್ಲ. ಅಳಿಸಲೂ ಇಲ್ಲ.

ಫೆಬ್ರವರಿ 8, ಗುರುವಾರ

ಡಾಕ್ಟರ ಹತ್ತಿರ ಹೋಗಿದ್ದೆ. ಒಳ್ಳೆಯ ಮನುಷ್ಯ. ಹೊಟ್ಟೆಯ ಸ್ನಾಯು ಹೊಲಿದು ಜೋಲುಚರ್ಮ ತೆಗೆಯುವುದು ಸರ್ಕಾರಿ ಆಸ್ಪತ್ರೆಯ ಲೆಕ್ಕದಲ್ಲಿ ಅಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ನಂತೆ. ವ್ಯಾಯಾಮದ ಹಾಳೆ ಕೊಟ್ಟರು. ಹೋದ ಸಲ ಕೊಟ್ಟದ್ದೇ ಹಾಳೆ.

"ಟರ್ಕಿಗೆ ಹೋದ್ರೆ?" ಅಂದೆ.

"ಹೋಗಬೇಡಿ ಅನ್ನೋಕೆ ನಾನ್ಯಾರು? ಆದ್ರೆ ವಾಪಸ್ ಬಂದು ಹೊಲಿಗೆ ಬಿಟ್ಕೊಂಡ್ರೆ ನೋಡೋರು ನಾವೇ. ಕಾಲಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆಮೇಲೆ ಆರು ವಾರ ಮಕ್ಕಳನ್ನ ಎತ್ತೋ ಹಾಗಿಲ್ಲ. ಮನೆಯಲ್ಲಿ ಮಾತಾಡಿದ್ದೀರಾ?"

ಹೂಂ ಅಂದೆ. ಮಾತಾಡಿದ್ದು ನಿಜವೇ, ಒಂದು ಸಲ. ಅಲೆಡ್ ಫೋನಿನಲ್ಲಿ ಏನೋ ಸುದ್ದಿ ಹುಡುಕಿ ಗಟ್ಟಿಯಾಗಿ ಓದಿದ್ದ. ಯಾರೋ ಮೂರು ಮಕ್ಕಳ ತಾಯಿ, ಎಲ್ಲೋ ಹೋಗಿ ಹೆಣವಾಗಿ ಬಂದಿದ್ದಳು. "ಹೊಟ್ಟೆಗೋಸ್ಕರ ಸಾಯೋರೂ ಇದಾರಲ್ಲಪ್ಪ!" ಅಂದ. ಆಮೇಲೆ ತನ್ನ ಹೊಟ್ಟೆ ತಟ್ಟಿಕೊಂಡು, "ನೋಡು, ಇಬ್ಬರೂ ಸೇರಿ ಒಂದು ಹೊಟ್ಟೆ ಅಂಗಡಿನೇ ಇಡಬಹುದು." ಪ್ರೀತಿಗೇ ಅಂದದ್ದು. ನಾನೂ ನಕ್ಕೆ. ಅಲ್ಲಿಗೆ ಮಾತು ಮುಗಿಯಿತು.

ಕಾರ್ಡಿಫ್‌ನಲ್ಲಿ ಖಾಸಗಿಯಾಗಿ ಕೇಳಿದರೆ ಟರ್ಕಿಯ ಮೂರರಷ್ಟು. ಅಜ್ಜಿ ಬಿಟ್ಟುಹೋದ ದುಡ್ಡು ಟರ್ಕಿಗೆ ಸಾಕು. ಕಾರ್ಡಿಫ್‌ಗೆ ಸಾಲದು.

ಬರುವಾಗ ಬಸ್ಸಿನಲ್ಲಿ ಮತ್ತೆ ಮಿಸೆಸ್ ಪ್ರಾಸರ್. ಜನವರಿಯಲ್ಲಿ ಎದ್ದು ಸೀಟು ಕೊಟ್ಟವರು ಇವರೇ. "ಕೂತ್ಕೋ ಮಗಳೇ, ಯಾವಾಗ ಮಗು?" ಅಂದಿದ್ದರು. ಎಂಬತ್ತು ದಾಟಿದ ಜೀವ, ಬಸ್ಸಿನ ತುಂಬ ಜನ, ಅವರ ಮುಖ ಯಾಕೆ ಕೆಡಿಸಲಿ ಅಂತ — "ಜೂನ್‌ಗೆ" ಅಂದುಬಿಟ್ಟಿದ್ದೆ. ಇವತ್ತು ಚೀಲದಿಂದ ಹಳದಿ ಉಣ್ಣೆಯ ಟೊಪ್ಪಿ ತೆಗೆದುಕೊಟ್ಟರು. ತಾವೇ ಹೆಣೆದದ್ದು. "ಗಂಡಾದ್ರೂ ಆಗತ್ತೆ, ಹೆಣ್ಣಾದ್ರೂ ಆಗತ್ತೆ." ಥ್ಯಾಂಕ್ಸ್ ಹೇಳಿ ಎರಡು ಸ್ಟಾಪು ಮೊದಲೇ ಇಳಿದೆ. ಮಳೆಯಲ್ಲಿ ನಡೆದು ಬಂದೆ.

ಟೊಪ್ಪಿಯನ್ನು ಕಾಲುಚೀಲದ ಡ್ರಾಯರಿನ ತಳಕ್ಕೆ ಹಾಕಿದ್ದೇನೆ.

ಫೆಬ್ರವರಿ 17, ಶನಿವಾರ

ಬೆಥನ್ ಬಂದಿದ್ದಳು. ಶಾಲೆಯಿಂದಲೂ ಜೊತೆಗಿರುವವಳು. ಎರಡು ವರ್ಷ ಬ್ರೆಡ್ಡು ಸಕ್ಕರೆ ಬಿಟ್ಟು ಅರ್ಧಕ್ಕರ್ಧ ಇಳಿದಿದ್ದಾಳೆ. ಚರ್ಮ ಮಾತ್ರ ಇಳಿಯಲಿಲ್ಲ. ಅಡುಗೆಮನೆಯಲ್ಲೇ ಅಂಗಿ ಎತ್ತಿ ತೋರಿಸಿದಳು.

"ನಂದು ನೋಡೇ, ಸರ್ಕಸ್ಸು ಊರು ಬಿಟ್ಟ ಮೇಲೆ ಡೇರೆ ಉಳಿದ ಹಾಗಿದೆ."

"ಕಡಿಮೆ ದುಡ್ಡಿಗೆ ಅಂತ ಹೋಗಿ ಸತ್ತರೆ?"

"ಸತ್ತರೆ ತೆಳ್ಳಗೆ ಸಾಯ್ತೀವಿ ಬಿಡು."

ಚಹಾ ಮೂಗಿಗೇರುವಷ್ಟು ನಕ್ಕೆವು. ನಗು ನಿಂತ ಮೇಲೆ ಕೇಳಿದೆ, "ಅಲೆಡ್‌ಗೆ ಏನು ಹೇಳ್ಲಿ?"

"ನಿಜ ಹೇಳು."

"ಬಿಡಲ್ಲ ಕಣೇ."

"ನನ್ನಮ್ಮನೂ ಬಿಡಲ್ಲ. ಹಾಗಾದ್ರೆ ಹೆನ್ ಪಾರ್ಟಿ!"

ಮದುವೆಗೆ ಮುಂಚೆ ಹುಡುಗಿಯನ್ನು ಕರೆದುಕೊಂಡು ಗೆಳತಿಯರೆಲ್ಲ ಎಲ್ಲಾದರೂ ಹೋಗಿ ಕುಣಿದು ಕುಡಿದು ಬರುವುದು — ಅದಕ್ಕೆ ಈ ಊರಲ್ಲಿ ಯಾವ ಗಂಡನೂ ಅಡ್ಡ ಬರುವುದಿಲ್ಲ. ಅಲ್ಲೇನಾಯಿತು ಅಂತ ಕೇಳುವಂತಿಲ್ಲ. ಫೋನ್ ಮಾಡುವಂತೆಯೂ ಇಲ್ಲ. ಹಾಗೆ ಬೆಥನ್‌ಗೆ ಮರೆಡ್ ಅನ್ನುವ ಚಿಕ್ಕಪ್ಪನ ಮಗಳೊಬ್ಬಳು ಹುಟ್ಟಿದಳು. ಅವಳಿಗೆ ಮದುವೆಯೂ ಗೊತ್ತಾಯಿತು. ಪಾರ್ಟಿ ಸ್ಪೇನಿನ ಮಾಲಾಗದಲ್ಲಿ. ಆರು ದಿನ.

ಎಜ್ಗಿಗೆ "ಇಬ್ಬರು" ಅಂತ ಬರೆದೆ. ಕೂಡಲೇ ಉತ್ತರ. ಹತ್ತು ಟುಲಿಪ್.

ಫೆಬ್ರವರಿ 18

ಹೇಳಿದೆ. ಅಲೆಡ್‌ಗೆ ನನಗಿಂತ ಖುಷಿ. "ಹೋಗು ಮಾರಾಯ್ತಿ! ಹೆರಿಗೆ ಆದಮೇಲೆ ಹೊಸಿಲು ದಾಟಿದೀಯಾ ನೀನು? ಅಮ್ಮ ಮಕ್ಕಳನ್ನ ನೋಡ್ಕೋತಾಳೆ. ನಾನಂತೂ ಮನೆಗೆ ಬೆಂಕಿ ಬಿದ್ರೂ ಫೋನ್ ಮಾಡಲ್ಲ, ಆಯ್ತಾ?"

ಅವನು ಇನ್ನೊಂದು ಮಾತು ಕೇಳಬಹುದಿತ್ತು. ಒಂದೇ ಒಂದು. ಕೇಳಲಿಲ್ಲ.

ಮಾರ್ಚ್ 9, ಶನಿವಾರ

ಬರೆಯದೆ ಮೂರು ವಾರ. ರಾತ್ರಿಯೆಲ್ಲ ಫೋನಿನಲ್ಲಿ ಓದುತ್ತೇನೆ — ಹೋಗಿ ಬಂದವರ ಗುಂಪಿನಲ್ಲಿ. ಒಬ್ಬಳು ಬೀಚಿನಲ್ಲಿ ನಗುತ್ತಿದ್ದಾಳೆ. ಅದರ ಕೆಳಗೇ ಇನ್ನೊಬ್ಬಳ ಗಾಯ, ಕಪ್ಪಾಗಿದೆ, "ಯಾರಿಗಾದ್ರೂ ಹೀಗಾಗಿತ್ತಾ?" ಅದರ ಕೆಳಗೆ ಎಲ್ಲರದ್ದೂ ಹೃದಯದ ಚಿತ್ರ. ಒಂದು ನೋಡಿದರೆ ಹೋಗೋಣ, ಒಂದು ನೋಡಿದರೆ ಬೇಡ. ಬೆಳಗಾಗುವಷ್ಟರಲ್ಲಿ ಎರಡೂ ಸಮ. ಡಿಗ್ರಿ ಓದಿದ್ದು ಸಂಖ್ಯಾಶಾಸ್ತ್ರ. ನೂರರಲ್ಲಿ ಎಷ್ಟು ಅಂತ ಲೆಕ್ಕ ಹಾಕಬಲ್ಲೆ. ಆ ಒಬ್ಬಳು ನಾನಾದರೆ ಅನ್ನುವುದಕ್ಕೆ ಲೆಕ್ಕ ಇಲ್ಲ.

ನಾನು ಬಿಟ್ಟರೆ ಬೆಥನ್‌ಗೂ ಆ ರೇಟು ಸಿಗುವುದಿಲ್ಲ. ವಾಪಸ್ ಬಂದ ಮೇಲೆ ಹೇಳಿಬಿಡುವುದು. ಆದ ಮೇಲೆ ಅಲೆಡ್ ಏನು ಮಾಡಿಯಾನು... ಸಿಟ್ಟು ಮಾಡಿಕೊಂಡು ಆಮೇಲೆ ಮಕ್ಕಳನ್ನು ಎತ್ತಿಕೊಳ್ಳುತ್ತಾನೆ.

ಮಧ್ಯಾಹ್ನ ಅತ್ತೆ ಗ್ಲೆನಿಸ್ ಬಂದರು, ಕೈಯಲ್ಲೊಂದು ಪೊಟ್ಟಣ. ಎರಡು ಟೀ-ಶರ್ಟು. ಕಣ್ಣು ಕುಕ್ಕುವ ಗುಲಾಬಿ. ಎದೆಯ ಮೇಲೆ "ಮರೆಡ್‌ಳ ಪಡೆ", ಬೆನ್ನ ಮೇಲೆ ನಮ್ಮ ಹೆಸರು. ಇಸ್ತ್ರಿಪೆಟ್ಟಿಗೆಯಲ್ಲಿ ಒತ್ತಿ ಒತ್ತಿ ತಾವೇ ಅಂಟಿಸಿದ್ದು.

"ಅಯ್ಯೋ, ಇದೆಲ್ಲ ಯಾಕೆ ಮಾಡೋಕೆ ಹೋದ್ರಿ?"

"ಸುಮ್ನಿರೇ ಬಂಗಾರಿ. ಉಳಿದೋರ ಅಳತೆ ಹೇಳು, ಅವರಿಗೂ ಮಾಡ್ತೀನಿ. ಮದುವೆ ಹುಡುಗೀದು ಬಿಳಿ ಇರಲಿ ಅಲ್ವಾ?"

"ಅವರದ್ದು ಅವರೇ ಮಾಡಿಸ್ಕೋತಾರಂತೆ."

"ದೊಡ್ಡ ಅಳತೆದೇ ತಂದೆ, ಹೊಟ್ಟೆ ಹತ್ರ ಬಿಗಿ ಆಗಬಾರದು ನೋಡು."

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಮಾರ್ಚ್ 12, ಮಂಗಳವಾರ. ಇಸ್ತಾನ್‌ಬುಲ್, ಹೋಟೆಲು

ಬ್ರಿಸ್ಟಲ್ ವಿಮಾನ ನಿಲ್ದಾಣದವರೆಗೆ ಅಲೆಡ್ ಬಿಟ್ಟ. ಟೀ-ಶರ್ಟು ಹಾಕಿಕೊಳ್ಳಲೇಬೇಕಾಯಿತು. ಒಳಗೆ ಬರುತ್ತೇನೆ ಅಂದರೆ ಯಾವ ವಿಮಾನ ಅಂತ ಬೋರ್ಡು ನೋಡಿಬಿಡುತ್ತಾನಲ್ಲ. ಬರಲಿಲ್ಲ. ಪಾರ್ಕಿಂಗ್ ದುಡ್ಡು ಜಾಸ್ತಿ. ಕಾರಿನ ಕಿಟಕಿಯಿಂದ ಎರಿನ್‌ಳ ಕೈ ಹಿಡಿದು ಟಾಟಾ ಮಾಡಿಸಿದ.

ಇಲ್ಲಿ ಹೆಸರಿನ ಫಲಕ ಹಿಡಿದ ಡ್ರೈವರು. ವ್ಯಾನಿನಲ್ಲಿ ಇನ್ನಿಬ್ಬರು ಹೆಂಗಸರು. ನಮ್ಮ ಎದೆ ಓದಿ, "ಮರೆಡ್ ಯಾರು?" ಅಂದರು. ಬೆಥನ್ ತಡಮಾಡಲಿಲ್ಲ. "ಅವಳು ಕೊನೇ ಗಳಿಗೇಲಿ ಕೈಕೊಟ್ಟಳು ಕಣ್ರೀ."

ಮಾರ್ಚ್ 13

ರಕ್ತ ತೆಗೆದರು. ಡಾಕ್ಟರನ್ನು ನೋಡಿದ್ದು ಚಹಾ ಆರುವಷ್ಟು ಹೊತ್ತು. ನೇರಳೆ ಪೆನ್ನಿನಲ್ಲಿ ಹೊಟ್ಟೆಯ ಮೇಲೆ ಗೆರೆ ಎಳೆದರು, ಕಾಗದ ಕತ್ತರಿಸುವವರ ಹಾಗೆ. ಕೇಳಬೇಕಾದ್ದನ್ನೆಲ್ಲ ಅಂಗೈ ಮೇಲೆ ಬರೆದುಕೊಂಡು ಹೋಗಿದ್ದೆ. ಹಿಂದೆ ಜನ ಕಾಯುತ್ತಿದ್ದರು. ಕೇಳಲಿಲ್ಲ.

ನಾಳೆ ಬೆಥನ್, ನಾಡಿದ್ದು ನಾನು.

ಮಾರ್ಚ್ 14, ಗುರುವಾರ. ಮಧ್ಯಾಹ್ನ

ಬೆಳಿಗ್ಗೆ ಕಾರು ಬಂದಾಗ ಬೆಥನ್ ಗುಲಾಬಿ ಟೀ-ಶರ್ಟಿನಲ್ಲೇ ಹೊರಟಳು. "ನಾನು ಬರೋಷ್ಟರಲ್ಲಿ ಚಿಪ್ಸೆಲ್ಲ ತಿಂದು ಮುಗಿಸಿರಬೇಡ," ಅಂದಳು. ಹನ್ನೆರಡಕ್ಕೆ ಮುಗಿಯುತ್ತದೆ ಅಂದಿದ್ದರು.

ಎರಡೂವರೆ. ಎಜ್ಗಿ: "ಎಲ್ಲ ಚೆನ್ನಾಗಿದೆ ಡಿಯರ್, ನಿದ್ದೆ ಮಾಡ್ತಿದಾರೆ."

ಅಲೆಡ್ ಫೋಟೋ ಕಳಿಸಿದ್ದಾನೆ. ಅವಳಿಗಳ ತಲೆಯ ಮೇಲೆ ಮೊಸರಿನ ಬಟ್ಟಲು. "ಉತ್ತರ ಬೇಡ. ರೂಲ್ಸ್ ಅಂದ್ರೆ ರೂಲ್ಸ್." ಆದರೂ ಬರೆದೆ — ಸಖತ್ ಮಜಾ, ಬಿಸಿಲೋ ಬಿಸಿಲು.

ಸಂಜೆ 7

"ನಿದ್ದೆ ಮಾಡ್ತಿದಾರೆ."

ಮಾತಾಡಿಸಿ ಅಂದೆ. ನಾಳೆ ಅಂದಳು. ಯಾವ ಆಸ್ಪತ್ರೆ ಅಂದೆ. "ನಮ್ಮ ಪಾರ್ಟ್ನರ್ ಆಸ್ಪತ್ರೆ ಡಿಯರ್, ಚಿಂತೆ ಬೇಡ." ಹೆಸರು ನಮಗೆ ಗೊತ್ತೇ ಇಲ್ಲ. ದುಡ್ಡು ಕಟ್ಟುವಾಗ ಇಬ್ಬರೂ ಕೇಳಿರಲಿಲ್ಲ. ಹೋಟೆಲಿನ ಫೋಟೋ ನೋಡಿದ್ದೆವು.

ರಾತ್ರಿ 11.30

ಎಜ್ಗಿಯೇ ಫೋನ್ ಮಾಡಿದಳು. ಈ ಸಲ ಡಿಯರ್ ಅನ್ನಲಿಲ್ಲ.

"ಸ್ವಲ್ಪ ರಕ್ತ ಕೊಟ್ಟಿದಾರೆ, ಅದು ನಾರ್ಮಲ್. ಬೆಥನ್ ತಾಯಿ ನಂಬರ್ ಇದೆಯಾ ನಿಮ್ಮ ಹತ್ರ?"

"ಯಾಕೆ?"

"ಸುಮ್ನೆ. ಫೈಲಿಗೆ."

ಇಲ್ಲ ಅಂದುಬಿಟ್ಟೆ. ಇದೆ. ಬಾಯಿಪಾಠ ಇದೆ, ಚಿಕ್ಕಂದಿನಿಂದ ಡಯಲ್ ಮಾಡಿದ ನಂಬರು. ಆ ತಾಯಿ ಈಗ ಮಗಳು ಮಾಲಾಗದಲ್ಲಿ ಕುಣಿಯುತ್ತಿದ್ದಾಳೆ ಅಂತ ನೆಮ್ಮದಿಯಾಗಿ ಟಿವಿ ಮುಂದೆ ಕೂತಿರುತ್ತಾಳೆ. ಏನಂತ ಹೇಳಲಿ? ಬೆಳಿಗ್ಗೆ ಬೆಥನ್ ಕಣ್ಣು ಬಿಟ್ಟು, "ಅಮ್ಮನಿಗೆ ಹೇಳಿಬಿಟ್ಯಾ, ಪಾಪಿ," ಅಂದರೆ? ಅನ್ನಲಿ. ಅಂದರೆ ಸಾಕು.

"ನಾಳೆ ನಿಮ್ಮ ಕಾರು ಆರೂಕಾಲಿಗೇ ಬರತ್ತೆ," ಅಂತ ಹೇಳಿ ಇಟ್ಟಳು.

ಮಾರ್ಚ್ 15. ನಸುಕು 3.20

ಕೆಳಗೆ ಹೋಗಿ ಕೌಂಟರಿನ ಹುಡುಗಿಯ ಮುಂದೆ ನಿಂತೆ. ಅವಳು ಯಾರ ಜೊತೆಗೋ ಫೋನಿನಲ್ಲಿದ್ದಳು. ತೊಂದರೆ ಕೊಡುವುದು ಬೇಡ ಅಂತ ವಾಪಸ್ ಬಂದೆ. ಮೇಲೆ ಬಂದ ಮೇಲೆ ಗೊತ್ತಾಯಿತು ಏನು ಮಾಡಿದೆ ಅಂತ. ಮತ್ತೆ ಇಳಿದೆ. ಆಸ್ಪತ್ರೆ ಯಾವುದು ಅಂತ ಅವಳಿಗೂ ಗೊತ್ತಿಲ್ಲ. "ಕ್ಲಿನಿಕ್ಕಿನವರು ಬರ್ತಾರಲ್ಲ ಮೇಡಂ, ಬೆಳಿಗ್ಗೆ?"

ಬೆಥನ್‌ಳ ಚಪ್ಪಲಿ ಮಂಚದ ಪಕ್ಕ. ಅವಳ ಫೋನು ಚಾರ್ಜಿನಲ್ಲಿ ಇಲ್ಲೇ ಇದೆ. ಆಗಿನಿಂದ ಮೂರು ಸಲ ಹೊಳೆಯಿತು. ಅಮ್ಮ, ಅಮ್ಮ, ಅಮ್ಮ. "ಮಜಾ ಮಾಡ್ತಿದೀಯಾ ಪುಟ್ಟಿ?"

ಆರೂಕಾಲಿಗೆ ಕಾರು ಬಂದರೆ ನಾನು ಹತ್ತುತ್ತೇನೆ. ಹತ್ತಬಾರದು ಅಂತ ಗೊತ್ತು. ಹತ್ತಿದರೇ ಬೆಥನ್ ಇರುವ ಜಾಗ ತಲುಪುವುದು ಅನ್ನುವುದೂ ಗೊತ್ತು. ಡ್ರೈವರು ಬಾಗಿಲು ತೆಗೆದು ನಗುತ್ತಾನೆ. ನಗುವವರ ಮುಂದೆ ಬೇಡ ಅನ್ನಲು ನನಗೆ ಬರುವುದಿಲ್ಲ. ಹೊಟ್ಟೆಯ ಮೇಲೆ ನೇರಳೆ ಗೆರೆ ಹಾಗೇ ಇದೆ. ಸೋಪು ಹಾಕಿ ಉಜ್ಜಿದೆ. ಹೋಗಲಿಲ್ಲ.

ಅಲೆಡ್, ನಿನಗೆ ಆರು ಸಲ ಬರೆದೆ. ಆರು ಸಲ ಅಳಿಸಿದೆ. ಕರೆ ಮಾಡಿದರೆ ನಿನ್ನ ಫೋನು ಗೋದಾಮಿನ ಲಾಕರಿನಲ್ಲಿ. ಮಾತಾಡಿ ಇಡಿ ಅಂತ ಯಂತ್ರದ ಹೆಂಗಸು ಹೇಳುತ್ತಾಳೆ. ಬಾಯಿ ಬರುವುದಿಲ್ಲ. ನನಗೆ ಶುರು ಮಾಡಲು ಬರುವುದಿಲ್ಲ ಅಲೆಡ್. ಯಾರಾದರೂ ಕೇಳಿದರೆ ಹೇಳುತ್ತೇನೆ. ಈ ಸಲ ಜೂನ್‌ಗೆ ಅನ್ನುವುದಿಲ್ಲ. ಆಣೆ.

ಮೂರಕ್ಕೆ ನಿನ್ನ ಬ್ರೇಕು. ಆಗ ಇಲ್ಲಿ ಆರು. ಲಾಕರ್ ತೆಗೆಯುತ್ತೀಯಲ್ಲ, ಸ್ಯಾಂಡ್‌ವಿಚ್ಚಿಗೆ. ಫೋನು ಕೈಗೆ ತಗೋ. ರೂಲ್ಸು ಬಿಡು. ಮನೆಗೆ ಬೆಂಕಿ ಬಿದ್ದಿದೆ ಅಂತಲೇ ಅಂದುಕೋ. ದೊಡ್ಡದೇನೂ ಕೇಳಬೇಡ, ಅಲ್ಲಿ ಬಿಸಿಲಾ ಅಂತ ಕೇಳು ಸಾಕು. ಬೆಳಗಾಗುವ ಮೊದಲು ಒಂದೇ ಒಂದು ಸಲ ಫೋನ್ ಮಾಡು. ನಿನ್ನ ದಮ್ಮಯ್ಯ, ಕಾರು ಬರುವ ಮೊದಲು ಮಾಡು.